ಬ್ಯಾರನ್ನಿನಲ್ಲಿ ಬೆಂದ ಕ್ಯಾಸೆಟ್ಟುಗಳು

ಮೊನ್ನೆ ಪಕ್ಕದ ಹೊಲದ ಶಿವಣ್ಣ ಸೊಪ್ಪಿನ ಹದ ನೋಡಲು ತನ್ನ ಬ್ಯಾರನ್ನಿಗೆ ಕರೆದಿದ್ದ. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಸಾಲುಸಾಲಾಗಿ ನೇತುಹಾಕಿ, ಕೆಳಗಿನ ಕೊಳವೆಗಳಲ್ಲಿ ಬೆಂಕಿಯ ಶಾಖ ಹರಿಸಿ ಒಣಗಿಸುವ ಎತ್ತರದ ಮನೆಯನ್ನು ನಮ್ಮ ಅರಕಲಗೂಡು ಕಡೆ ಬ್ಯಾರನ್ ಎನ್ನುತ್ತೇವೆ. ಒಣಗಿಸುವುದಕ್ಕೆ ಬೇಯಿಸುವುದು ಎನ್ನುತ್ತೇವೆ. ಬಾಗಿಲು ತೆಗೆದೊಡನೆ ಆ ವಾಸನೆ ಮುಖಕ್ಕೆ ಬಡಿಯಿತು. ಬೆಲ್ಲದ ಪಾಕ ಕಾದಂತೆ, ಅದರೊಳಗೆ ಒಣಹುಲ್ಲಿನ ಘಾಟು ಬೆರೆತಂತೆ.

"ಬಣ್ಣ ಎಂಗೈತೆ ಬಸವಣ್ಣ?" ಎಂದ ಶಿವಣ್ಣ.

"ಚಿನ್ನ ಕಣಯ್ಯ. ಇನ್ನು ಬೆಂಕಿ ಕೊಡಬ್ಯಾಡ, ಬಾಗ್ಲು ತೆಗೆದು ಬುಡು," ಎಂದೆ.

ನಾನು ಹೊಗೆಸೊಪ್ಪು ಬಿಟ್ಟು ಶುಂಠಿಗೆ ಇಳಿದಿದ್ದೇನೆ. ಆದರೂ ಕೊಣನೂರಿನ ಸುತ್ತಮುತ್ತ ಹದದ ಪ್ರಶ್ನೆ ಬಂದರೆ ಈಗಲೂ ನನ್ನನ್ನೇ ಕರೆಯುತ್ತಾರೆ. ನನ್ನ ಓದು ಏಳನೇ ತರಗತಿಗೆ ನಿಂತಿತು. ಶಾಖದ ಓದು ಮಾತ್ರ ನಿಲ್ಲಲಿಲ್ಲ. ಬ್ಯಾರನ್ನಿನ ಬಾಗಿಲಿಗೆ ಅಂಗೈ ಇಟ್ಟರೆ ಒಳಗೆ ಎಲೆ ಯಾವ ಸ್ಥಿತಿಯಲ್ಲಿದೆ ಎಂದು ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಈ ಒಂದು ವಿದ್ಯೆಯನ್ನು ನಂಬಿಯೇ ಒಂದು ಮಳೆಗಾಲದಲ್ಲಿ ನಾನು ನನ್ನ ಅಕ್ಕನ ಮನೆಯನ್ನು ಒಡೆಯುವ ಹಂತಕ್ಕೆ ತಂದಿದ್ದೆ. ಶಿವಣ್ಣ ಮೇಲಿನ ಸಾಲುಗಳ ಬಣ್ಣ ತೋರಿಸುತ್ತಿದ್ದಾಗ ನನ್ನ ಕಣ್ಣು ಕೆಳಗಿನ ಸಾಲಿನ ಮೇಲೆಯೇ ಇತ್ತು. ನಾನು ಅವತ್ತು ಕ್ಯಾಸೆಟ್ ಇಟ್ಟಿದ್ದು ಅಂಥದೇ ಸಾಲಿನಲ್ಲಿ.

ನನ್ನ ಅಕ್ಕ ಗಿರಿಜಮ್ಮ ಹೊಳೆನರಸೀಪುರದಲ್ಲಿದ್ದಾಳೆ. ಭಾವ ಬದುಕಿದ್ದಾಗ ಅಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ನಡೆಸುತ್ತಿದ್ದರು. ಸೀಡಿ ಬಂದ ಮೇಲೆ ಅಂಗಡಿ ಮುಚ್ಚಿತು. ಆದರೆ ರೆಕಾರ್ಡ್ ಮಾಡುವ ಯಂತ್ರವನ್ನೂ ಖಾಲಿ ಕ್ಯಾಸೆಟ್ಟುಗಳನ್ನೂ ಅಕ್ಕ ಮಾರಗೊಡಲಿಲ್ಲ. ಅಂಗಡಿ ಇದ್ದಾಗಿನಿಂದಲೂ ಅವಳಿಗೆ ಒಂದೇ ಹುಚ್ಚು. ಟಿ.ವಿ.ಯಲ್ಲಿ ಬರುವ ಒಳ್ಳೆಯ ಧಾರಾವಾಹಿ, ನಾಟಕ, ಹಾಡಿನ ಕಾರ್ಯಕ್ರಮಗಳನ್ನು ಹಿಡಿದಿಡುವುದು. ಹಿಡಿದಿಡುವುದು ಎನ್ನುವುದು ಅವಳದೇ ಮಾತು. ಕಾರ್ಯಕ್ರಮ ಶುರುವಾದರೆ ಯಂತ್ರದ ಮುಂದೆ ಕೂತು ಗುಂಡಿಯ ಮೇಲೆ ಬೆರಳಿಟ್ಟಿರುತ್ತಿದ್ದಳು. ಜಾಹೀರಾತು ಬಂದೊಡನೆ ನಿಲ್ಲಿಸುವಳು, ಮುಗಿದೊಡನೆ ಮತ್ತೆ ಬಿಡುವಳು. ಕ್ಯಾಸೆಟ್ ತುಂಬಿದ ಮೇಲೆ ಅದರ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡುವಳು. ಹಾಗೆ ಮುರಿದರೆ ಅದರ ಮೇಲೆ ಬೇರೆ ಏನನ್ನೂ ತುಂಬಲು ಬರುವುದಿಲ್ಲ. ಮಗ ಮಂಜನ ಶಾಲೆಯ ಲೇಬಲ್ಲುಗಳನ್ನು ಅಂಟಿಸಿ ಹೆಸರು ಬರೆದು, ಪುಸ್ತಕದಂತೆ ನಿಲ್ಲಿಸಿ ಜೋಡಿಸುವಳು.

ಇದು ಅವಳೊಬ್ಬಳ ಖುಷಿಗಲ್ಲ. ಹೂ ಕಟ್ಟುವ, ಅಕ್ಕಿ ಗಿರಣಿಗೆ ಹೋಗುವ, ಸಂಜೆಯಾದರೂ ಮನೆ ಸೇರದ ಬೀದಿಯ ಹೆಂಗಸರು ವಾರದ ಕಂತನ್ನು ತಪ್ಪಿಸಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಕೂತು ನೋಡುತ್ತಿದ್ದರು. ಅವರೆಲ್ಲರ ಪ್ರೀತಿಯದು ಒಬ್ಬ ನರ್ಸಿನ ಕಥೆ. ಅದರ ನಿಜವಾದ ಹೆಸರನ್ನು ಯಾರೂ ಹೇಳಿದವರಿಲ್ಲ. ಬೀದಿಗೆಲ್ಲ ಅದು 'ನರ್ಸಮ್ಮನ ಕಥೆ'. ಒಂದೇ ಸಲ ಪ್ರಸಾರವಾದದ್ದು, ಮತ್ತೆ ಎಲ್ಲಿಯೂ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೂ ಸಿಗಲಿಲ್ಲ. ಅದು ಉಳಿದಿದ್ದರೆ ಅಕ್ಕನ ಕ್ಯಾಸೆಟ್ಟುಗಳಲ್ಲಿ ಮಾತ್ರ.

ನಾನು ಹೇಳುತ್ತಿರುವ ಮಳೆಗಾಲದ ಹೊತ್ತಿಗೆ ಅಕ್ಕನ ಯಂತ್ರ ಕೆಟ್ಟು, ರಿಪೇರಿ ಮಾಡುವವರೂ ಇಲ್ಲವಾಗಿದ್ದರು. ಚನ್ನರಾಯಪಟ್ಟಣದಲ್ಲಿ ಕುಮುದ ಎಂಬ ಹೆಣ್ಣುಮಗಳು ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾಳೆಂದು ತಿಳಿಯಿತು. ಸ್ಟುಡಿಯೋ ಅವಳ ತಂದೆಯದು. ಹೆಚ್ಚಿಗೆ ಬರುವುದು ಹಳೆಯ ಮದುವೆಯ ವಿಡಿಯೋಗಳು. ಅಕ್ಕನಿಗೆ ಮತ್ತೆ ಹುಮ್ಮಸ್ಸು ಬಂತು. ಆದರೆ ಪೆಟ್ಟಿಗೆ ಇಳಿಸಿ ನೋಡಿದರೆ ಕೆಲವು ಕ್ಯಾಸೆಟ್ಟುಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು. ಬೇಸಿಗೆಯಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಮಂಜನ ಹೆಂಡತಿ ರೇಖಾ ಪೆಟ್ಟಿಗೆಯನ್ನು ಬಚ್ಚಲ ಮೇಲಿನ ಅಟ್ಟಕ್ಕೆ ಏರಿಸಿದ್ದಳು. ಮಳೆ ಶುರುವಾದ ಮೇಲೆ ಅಲ್ಲಿ ಗೋಡೆ ಒಸರುತ್ತಿತ್ತು.

"ನನ್ನದೇ ತಪ್ಪು ಅತ್ತೆ, ಇಳಿಸೋದು ಮರೆತೆ," ಎಂದಳು ರೇಖಾ. ಅವಳು ಹಾಸನದಲ್ಲಿ ಬೆಳೆದವಳು, ಮಾತು ನೇರ.

"ಓಗ್ಲಿ ಬುಡು. ಒರೆಸಿದ್ರೆ ಓಯ್ತದೆ," ಎಂದಳು ಅಕ್ಕ. ಅವತ್ತು ಅಷ್ಟಕ್ಕೇ ಮುಗಿದಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದಲೇ ಮುಂದೆ ಆದದ್ದರ ಭಾರ ನನ್ನ ಮೇಲಲ್ಲದೆ ಬೇರೆ ಯಾರ ಮೇಲೂ ಬೀಳುವುದಿಲ್ಲ.

ನಾನೂ ಅಕ್ಕನೂ ಪೆಟ್ಟಿಗೆ ಒಯ್ದಾಗ ಕುಮುದ ಒಳ್ಳೆಯವನ್ನೆಲ್ಲ ಇಟ್ಟುಕೊಂಡು, ಬೂಷ್ಟು ಹಿಡಿದ ಎರಡನ್ನು ವಾಪಸು ಕೊಟ್ಟಳು. ಅವು ನರ್ಸಮ್ಮನ ಕಥೆಯ ಕೊನೆಯ ಎರಡು ಕ್ಯಾಸೆಟ್ಟುಗಳು. "ಇದನ್ನ ಹಾಕಿದ್ರೆ ನನ್ನ ಮಿಷಿನ್ನಿಗೂ ಬೂಷ್ಟು ಹತ್ತುತ್ತೆ, ಬೇರೆಯವರ ಕ್ಯಾಸೆಟ್ಟಿಗೂ ಹರಡುತ್ತೆ. ನೆರಳಲ್ಲಿ ಚೆನ್ನಾಗಿ ಆರಿಸಿ, ಒರೆಸಿ ತನ್ನಿ. ಅವಸರ ಬೇಡ," ಎಂದಳು.

ನೆರಳಲ್ಲಿ ಆರಿಸಬೇಕಂತೆ, ಅದೂ ಆ ಮಳೆಯಲ್ಲಿ! ನನಗೆ ನಗು ಬಂತು. "ಕೊಡಕ್ಕ ಇಲ್ಲಿ. ಸೊಪ್ಪಿನ ದಂಟನ್ನೇ ಗರಿಗರಿ ಮಾಡೋನ್ ನಾನು. ಇದ್ಯಾವ್ ದೊಡ್ ಕೆಲ್ಸ?" ಎಂದೆ.

ಅಕ್ಕ ಎರಡನ್ನೂ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಉಸಾರು ಕಣ್ಲಾ. ಕೊನೇದು ಅದ್ರಲ್ಲೇ ಐತೆ."

ಊರಿಗೆ ಬಂದೆ. ನನ್ನ ಬ್ಯಾರನ್ ಒಂದು ಸುತ್ತು ಸೊಪ್ಪು ಇಳಿಸಿ ಖಾಲಿಯಾಗಿತ್ತು. ಹೊಲದಲ್ಲಿ ಕೆಸರು, ಮುಂದಿನ ಸೊಪ್ಪು ಮುರಿಯಲು ಮಳೆ ಬಿಡಬೇಕಿತ್ತು. ಇದೇ ಒಳ್ಳೆಯ ಸಮಯವೆಂದು ಕೆಳಗಿನ ಸಾಲಿಗೆ ಹಲಗೆ ಹಾಕಿ, ಎರಡು ಕ್ಯಾಸೆಟ್ಟುಗಳನ್ನೂ ಅದರ ಮೇಲೆ ಮಲಗಿಸಿದೆ. ಒಲೆಗೆ ತೆಳ್ಳಗೆ ಬೆಂಕಿ ಕೊಟ್ಟೆ. ಗೋಡೆಯಲ್ಲಿ ಶಾಖ ನೋಡುವ ಮಾಪಕ ಇತ್ತು. ನಾನು ಅದನ್ನು ನೋಡುವವನಲ್ಲ. ಬಾಗಿಲಿಗೆ ಅಂಗೈ ಇಟ್ಟೆ. ಎಲೆ ಹಳದಿಗೆ ತಿರುಗುವ ಮೊದಲ ದಿನದ ಎಳೆಯ ಬಿಸುಪು ಅನ್ನಿಸಿತು. ಇನ್ನೆರಡು ಕೊರಡು ಸೇರಿಸಿ, ಹೊಲದ ಬದುವಿನ ನೀರು ಬಿಡಲು ಹೋದೆ.

ನನ್ನ ಕೈ ಸುಳ್ಳು ಹೇಳಿರಲಿಲ್ಲ. ಕೈಯನ್ನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಬ್ಯಾರನ್ ತುಂಬಿರುವಾಗ ಶಾಖವನ್ನು ಹಸಿ ಸೊಪ್ಪು ಕುಡಿಯುತ್ತದೆ. ಅಷ್ಟು ಎಲೆಯ ನೀರು ಆರುವವರೆಗೆ ಬೆಂಕಿ ಏರಿದರೂ ಒಳಗಿನ ಬಿಸಿ ಮೆಲ್ಲಗೆ ಏರುತ್ತದೆ. ನನ್ನ ಅಂಗೈ ಕಲಿತದ್ದು ಆ ತುಂಬಿದ ಮನೆಯ ಲೆಕ್ಕ. ಖಾಲಿ ಮನೆಯಲ್ಲಿ ಶಾಖ ಕುಡಿಯುವವರು ಯಾರೂ ಇಲ್ಲ. ನಾನು ಬದುವಿನಿಂದ ಬರುವಷ್ಟರಲ್ಲಿ ಬಾಗಿಲು ಮುಟ್ಟಲಾಗದಂತೆ ಕಾದಿತ್ತು. ಒಳಗೆ ನುಗ್ಗಿ ನೋಡಿದರೆ ಬೂಷ್ಟೇನೋ ಒಣಗಿ ಪುಡಿಯಾಗಿ ಉದುರಿತ್ತು. ಕ್ಯಾಸೆಟ್ಟುಗಳು ಮಾತ್ರ ಹಂಚಿನ ಮೇಲೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗಿದ್ದವು.

ನನ್ನ ಹೆಂಡತಿ ಜಯ ನೋಡಿದಳು. "ಓಗಿ ಇದ್ದಂಗೆ ಯೋಳ್ಬುಡು. ಅಕ್ಕ ಬೈದ್ರೆ ಬೈಸ್ಕ," ಎಂದಳು.

ಹೊಳೆನರಸೀಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡೇ ಹೋದೆ. ಅಂದು ಭಾನುವಾರ, ಹಾಲಿನಲ್ಲಿ ಹೆಂಗಸರು ಕೂತಿದ್ದರು. ಕುಮುದ ಮಾಡಿಕೊಟ್ಟಿದ್ದ ಮೊದಲ ಕಂತುಗಳು ಟಿ.ವಿ.ಯಲ್ಲಿ ಓಡುತ್ತಿದ್ದವು. ಅಕ್ಕ ನನ್ನನ್ನು ನೋಡಿದವಳೇ, "ಬಂದ್ಬುಟ್ಟ ನೋಡ್ರವ್ವ ನಮ್ ಬಸ್ವ! ಶಾಖದ್ ವಿಚಾರ್ದಲ್ಲಿ ಇವ್ನ್ ಬುಟ್ರೆ ಇಲ್ಲ," ಎಂದಳು. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಬಟ್ಟೆ ಬಿಚ್ಚಿದೆ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಅಟ್ಟದ್ ಮ್ಯಾಲೇ ನೀರ್ ಕುಡಿದ್ಬುಟ್ಟಿದ್ವು ಅಕ್ಕ. ಒಳೀಕೆ ಇಳ್ದು ಉಬ್ಬಿ, ಬೂಷ್ಟು ತಿಂದಾಕೈತೆ. ನಾನೇನೂ ಮಾಡಾಕಾಗ್ನಿಲ್ಲ."

ತೇವದ ವಿಷಯದಲ್ಲಿ ನನ್ನ ಮಾತನ್ನು ಅಕ್ಕ ಎಂದೂ ಅನುಮಾನಿಸಿದವಳಲ್ಲ. ಸೊಟ್ಟ ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೇಖಾಳ ಕಡೆ ತಿರುಗಿ ಅಂದಳು: "ನಾನ್ ಅಷ್ಟ್ ವರ್ಸ ಹಿಡಿದಿಟ್ಟಿದ್ದುನ್ನ ನೀನ್ ಒಂದ್ ಮಳ್ಗಾಲ್ದಾಗೆ ಕಳದ್ಬುಟ್ಟೆಯಲ್ಲ. ನಿಂಗೆ ಇದೆಲ್ಲ ಕಸ. ಈ ಮನೇಲಿ ನಂದು ಅನ್ನೋದೆಲ್ಲಾ ನಿಂಗೆ ಕಸ."

ಬೀದಿಯ ಹೆಂಗಸರೆಲ್ಲ ಕೇಳಿಸಿಕೊಂಡರು. ರೇಖಾ ಒಳಗೆ ಹೋದಳು. ಅವರು ಕೊಟ್ಟ ಕಾಫಿ ಕುಡಿದು ನಾನು ಎದ್ದು ಬಂದೆ.

ಆ ವರ್ಷ ಮಳೆ ಪೂರ್ತಿ ಬಿಡಲೇ ಇಲ್ಲ, ಹೊಳವು ಕೊಟ್ಟಾಗಲೆಲ್ಲ ಕೆಲಸ. ಸೊಪ್ಪು ಮುರಿಯುವುದು, ಕಟ್ಟುವುದು, ಬೇಯಿಸುವುದು, ಒಂದರ ಹಿಂದೆ ಒಂದು. ಬಣ್ಣ ಚೆನ್ನಾಗಿಯೇ ಬಂತು. ಬ್ಯಾರನ್ನಿನ ಬಾಗಿಲಿಗೆ ಅಂಗೈ ಇಟ್ಟಾಗಲೆಲ್ಲ ಅಕ್ಕನ ಮನೆಯ ಆ ಹಾಲ್ ಕಣ್ಣ ಮುಂದೆ ಬರುತ್ತಿತ್ತು. ಕೆಲಸ ಇದೆ ಎಂದು ಹೊಳೆನರಸೀಪುರಕ್ಕೆ ಹೋಗುವುದನ್ನು ಮುಂದೂಡಿದೆ. ಜಯ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟು, ಅಕ್ಕನ ಫೋನು ಬಂದರೆ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು.

ದಸರಾ ಕಳೆದ ಮೇಲೆ ಅಕ್ಕ ಒಬ್ಬಟ್ಟು ಮಾಡಿದ್ದೇನೆ ಬಾ ಎಂದು ಕರೆದಳು. ಹೋದೆ. ನೀರು ಕುಡಿಯಲು ಅಡುಗೆಮನೆಗೆ ಕಾಲಿಟ್ಟವನು ಅಲ್ಲೇ ನಿಂತೆ. ಕಟ್ಟೆಯ ಮೇಲೆ ಎರಡು ಗ್ಯಾಸ್ ಒಲೆಗಳಿದ್ದವು. ಒಂದರ ಪಕ್ಕ ಅಕ್ಕನ ಉಪ್ಪು, ಹುಳಿ, ಎಣ್ಣೆ. ಇನ್ನೊಂದರ ಪಕ್ಕ ರೇಖಾಳದ್ದು. ಒಂದೇ ಸೂರಿನಡಿ ಎರಡು ಸಾರು. ಹಾಸನಕ್ಕೆ ಕೆಲಸಕ್ಕೆ ಹೋಗಿಬರುವ ಮಂಜ ಬೆಳಗ್ಗೆ ಅಮ್ಮನ ತಟ್ಟೆ, ರಾತ್ರಿ ಹೆಂಡತಿಯ ತಟ್ಟೆ ಎಂದು ಹಂಚಿಕೊಂಡಿದ್ದನಂತೆ.

ರೇಖಾ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಳು. ನಾನು ಅಲ್ಲೇ ಹೇಳಿಬಿಟ್ಟೆ: "ಅಟ್ಟದ ನೀರಿಂದ ಕೆಟ್ಟಿದ್ದಲ್ಲ ಕಣವ್ವ ಅವು. ನಾನೇ ಬ್ಯಾರನ್ನಾಗ್ ಇಟ್ಟು ಬೇಯ್ಸ್‌ಬುಟ್ಟೆ."

ಅವಳು ಒಲೆ ಆರಿಸಿದಳು. "ನಿಮಗೆ ಯಾವಾಗ ಗೊತ್ತಾಯ್ತು ಮಾವ?"

"ಅವತ್ತೇ."

"ಅವತ್ತೇ," ಎಂದಳು. ಬಾಣಲೆಯನ್ನು ಕೆಳಗಿಳಿಸಿದಳು. "ಅಟ್ಟದ ಮೇಲಿಟ್ಟಿದ್ದು ನನ್ನ ತಪ್ಪು. ಅವತ್ತೇ ಒಪ್ಕೊಂಡೆ. ಒಪ್ಕೊಂಡೋಳಿಗೆ ಬೇರೆ ಒಲೆ. ಒಪ್ಕೊಳ್ಳದೇ ಇರೋರಿಗೆ ಒಬ್ಬಟ್ಟು. ಚೆನ್ನಾಗಿದೆ."

"ತಪ್ಪಾಯ್ತು ಕಣವ್ವ."

"ನನಗೆ ಹೇಳಿದ್ರೆ ಏನು ಬಂತು? ಅತ್ತೆ ನನ್ನನ್ನ ಅಂದಿದ್ದು ಹಾಲಲ್ಲಿ, ಎಲ್ಲರ ಮುಂದೆ. ನೀವೂ ಅಲ್ಲೇ ಹೇಳಿ."

ಮುಂದಿನ ಭಾನುವಾರ ಹೋದೆ. ಹೆಂಗಸರು ಕೂತಿದ್ದರು. ಟಿ.ವಿ. ಇನ್ನೂ ಹಾಕಿರಲಿಲ್ಲ. ಈ ಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳಲು ಹೋಗಿರಲಿಲ್ಲ. ನಿಂತುಕೊಂಡೇ ಹೇಳಿದೆ. ಖಾಲಿ ಬ್ಯಾರನ್, ಎರಡು ಕೊರಡು, ಬದುವಿನ ನೀರು, ಆಮೇಲೆ ಸುಳ್ಳು. ಎಲ್ಲವನ್ನೂ ಹೇಳಿದೆ.

ಮೊದಲು ಬಾಯಿ ಬಿಟ್ಟವಳು ಹೂ ಮಾರುವ ಪುಟ್ಟತಾಯಮ್ಮ. "ಅಲ್ಲ ಕಣ್ ಬಸವಣ್ಣ, ನಮ್ ನರ್ಸಮ್ಮನ್ನ ಕಡ್ಡೀಗ್ ಕಟ್ಟಿ ಬೇಯ್ಸ್‌ಬುಟ್ಯಲ್ಲ! ಸೊಪ್ಪಿನ್ ಹರಾಜ್ಗೆ ಹಾಕಿದ್ರೆ ಯಾವ್ ಗ್ರೇಡ್ ಬತ್ತಿತ್ತು?"

"ಒಂದ್ನೇ ಗ್ರೇಡೇ ಬುಡಕ್ಕ, ಶಾಖದಲ್ಲಿ ಅವ್ರ್ ಬುಟ್ರೆ ಇಲ್ವಲ್ಲ," ಎಂದಳು ಇನ್ನೊಬ್ಬಳು. ಹಾಲೆಲ್ಲ ನಗು. ನಾನು ತಲೆ ತಗ್ಗಿಸಲಿಲ್ಲ. ನಗಿಸಿಕೊಳ್ಳುವುದಕ್ಕೇ ಬಂದಿದ್ದೆ.

ಅಕ್ಕ ನಗಲಿಲ್ಲ. "ಯಾಕ್ಲಾ ಸುಳ್ ಯೋಳ್ದೆ?"

"ಶಾಖ ತಪ್ಪೋಯ್ತು ಅಂತ ನಿನ್ ಮುಂದೆ ಯೋಳಾಕೆ ಬಾಯಿ ಬರ್ನಿಲ್ಲಕ್ಕ."

"ಕ್ಯಾಸೆಟ್ ಓಯ್ತಾ, ಓಗ್ಲಿ. ನಿನ್ ಮಾತ್ ನಂಬ್ಕಂಡು ಆ ಉಡ್ಗೀನ ಅಂದ್ನಲ್ಲ, ಅದುನ್ನ ಯಾವ್ ಮಿಷಿನ್ನಿಗ್ ಹಾಕಿ ಇಂದಕ್ ಸುತ್ಲಿ? ಯೋಳ್ಲಾ."

ಆಗ ಅಡುಗೆಮನೆಯ ಬಾಗಿಲಿಂದ ರೇಖಾ ಮಾತಾಡಿದಳು. ಅಕ್ಕನನ್ನು ನೋಡಿ ಅಲ್ಲ, ಗೋಡೆಯನ್ನು ನೋಡಿ. "ಬೂಷ್ಟು ಒಳಗೆ ಇಳಿದಿದೆ ಅಂತ ತಾನೇ ಆ ಕ್ಯಾಸೆಟ್ಟುಗಳನ್ನ ಕುಮುದ ಅವರಿಗೆ ತೋರಿಸದೆ ಮೂಲೆಗಿಟ್ಟಿದ್ದು? ಬರೀ ಶಾಖ ಅಂದ್ರೆ ಅವರು ಬಿಚ್ಚಿ ನೋಡಬಹುದು."

ಮಾರನೆಯ ದಿನ ನಾನೂ ರೇಖಾಳೂ ಚನ್ನರಾಯಪಟ್ಟಣಕ್ಕೆ ಹೋದೆವು. ಜೊತೆಗೆ ಅವಳೇ ಹೊರಟಳು. ಮಾವ ಮತ್ತೆ ಏನಾದರೂ ಸುಳ್ಳು ಹೇಳಿಯಾರು ಎಂದು ಮಂಜನ ಹತ್ತಿರ ಅಂದಳಂತೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಈ ಕಡೆ, ನಡುವೆ ಕ್ಯಾಸೆಟ್ಟಿನ ಚೀಲ.

ಕುಮುದ ಸಣ್ಣ ಸ್ಕ್ರೂಡ್ರೈವರಿನಲ್ಲಿ ಸೊಟ್ಟ ಕವಚ ಬಿಚ್ಚಿದಳು. ಒಳಗಿನ ಕಪ್ಪು ಟೇಪಿನ ಸುರುಳಿಯನ್ನು ದೀಪದ ಕೆಳಗೆ ಹಿಡಿದು ನೋಡಿ, "ಇದನ್ನ ಮಲಗಿಸಿ ಇಟ್ಟಿದ್ರಾ? ಶಾಖ ಕೆಳಗಿನಿಂದ ಬಂತಾ?" ಎಂದಳು.

"ಹೂಂ ಕಣವ್ವ."

"ಕೆಳಗಿನ ಅಂಚು ಸುಕ್ಕಾಗಿದೆ. ಚಿತ್ರ ನೆಟ್ಟಗೆ ನಿಲ್ಲೋ ಗುರುತು ಇರೋದು ಆ ಅಂಚಲ್ಲೇ. ಸದ್ದು ಮೇಲಿನ ಅಂಚಲ್ಲಿರುತ್ತೆ. ನೋಡೋಣ." ಬೇರೊಂದು ಹಳೆಯ ಕ್ಯಾಸೆಟ್ಟಿನ ಒಳ್ಳೆಯ ಕವಚಕ್ಕೆ ಸುರುಳಿಯನ್ನು ಕೂರಿಸಿದಳು. ಇನ್ನೊಂದು ಕ್ಯಾಸೆಟ್ಟಿನ ಟೇಪು ಸೊಟ್ಟ ಕವಚದೊಳಗೆ ಅದುಮಿಕೊಂಡು ಕೂತು ಪದರಕ್ಕೆ ಪದರ ಅಂಟಿತ್ತು. ಎಳೆದ ಕಡೆ ಕಿತ್ತುಬಂತು. "ಸೊಟ್ಟಗಾದ ವಾರದಲ್ಲೇ ತಂದಿದ್ರೆ ಇದೂ ಸ್ವಲ್ಪ ಸಿಗ್ತಿತ್ತು," ಎಂದಳು.

ಸೊಟ್ಟಗಾದದ್ದು ಶಾಖದ ಲೆಕ್ಕ ತಪ್ಪಿ. ಅಂಟಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದರಿಂದ. ಮೊದಲನೆಯದನ್ನು ಯಾರ ಮುಂದೆಯೂ ಹೇಳಬಲ್ಲೆ. ಎರಡನೆಯದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆ ಕ್ಯಾಸೆಟ್ಟಿನಲ್ಲಿದ್ದ ಕಂತುಗಳನ್ನು ಇನ್ನು ಯಾರೂ ನೋಡುವಂತಿಲ್ಲ. ರೇಖಾ ನನ್ನ ಕಡೆ ನೋಡಲಿಲ್ಲ. ಅದನ್ನು ಅವಳ ದೊಡ್ಡತನ ಎಂದುಕೊಂಡೆ.

ಉಳಿದದ್ದು ಕೊನೆಯ ಕ್ಯಾಸೆಟ್. ಅದರಲ್ಲಿ ಚಿತ್ರ ಇರಲಿಲ್ಲ, ಬರೀ ಉರುಳುವ ಗೆರೆ. ಸದ್ದು ಮಾತ್ರ ಬಾವಿಯ ನೀರಿನಂತೆ ತಿಳಿಯಾಗಿತ್ತು.

ಆ ಭಾನುವಾರ ಹಾಲ್ ತುಂಬ ಜನ. ಪೆನ್‌ಡ್ರೈವ್ ಚುಚ್ಚಿ ಮಂಜ ಹಿಂದೆ ಸರಿದ. ಟಿ.ವಿ. ತುಂಬ ಬೂದಿ ಬಣ್ಣದ ಗೆರೆಗಳು. ಮಾತು ಶುರುವಾಯಿತು, ಎಲ್ಲರೂ ಕಿವಿಗೊಟ್ಟರು. ನರ್ಸಮ್ಮನಿಗೆ ವರ್ಗವಾಗಿದೆ. ಸಾಮಾನು ಕಟ್ಟುತ್ತಿದ್ದಾಳೆ. ಯಾರೋ ಮುದುಕಿ ಔಷಧಿ ಕೇಳಲು ಬಂದು ಹೋಗುತ್ತಾಳೆ. ಆಮೇಲೆ ಮಾತು ನಿಂತಿತು. ಹೆಜ್ಜೆಯ ಸದ್ದು, ಪಾತ್ರೆಯ ಸದ್ದು, ಮತ್ತೆ ಏನೂ ಇಲ್ಲ.

"ಕೆಟ್ಟೋಯ್ತಾ?" ಎಂದಳು ಪುಟ್ಟತಾಯಮ್ಮ.

"ಕೆಟ್ಟಿಲ್ಲ ತಡಿ," ಎಂದಳು ಅಕ್ಕ. ಅವಳ ಕಣ್ಣು ಆ ಗೆರೆಗಳ ಮೇಲೆಯೇ ಇತ್ತು. "ಈಗ ದೀಪ ಆರ್ಸಿದ್ಲು. ಬೀಗದ್ ಕೈ ತಗಂಡ್ಲು. ಬಾಗ್ಲತ್ರ ಬಂದವ್ಳೆ."

"ಬಾಗ್ಲಲ್ಲ ಕಣಕ್ಕ, ಕಿಟ್ಕಿ," ಎಂದಳು ಪುಟ್ಟತಾಯಮ್ಮ.

"ನಾನ್ ಹಿಡಿದಿಟ್ಟಿದ್ದಾ, ನೀನ್ ಹಿಡಿದಿಟ್ಟಿದ್ದಾ? ಬಾಗ್ಲು. ಅಗುಳಿ ತಗೀತಾವ್ಳೆ, ಕೇಳು."

ಅಗುಳಿ ಸರಿದ ಸದ್ದು ಬಂತು. ಮತ್ತೆ ಮೌನ. ಅಡುಗೆಮನೆಯ ಹೊಸಿಲಿನ ಮೇಲೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ರೇಖಾ ಆ ಕಥೆಯ ಕೊನೆಯನ್ನು ನೋಡಿದವಳಲ್ಲ. ಮೌನ ತೀರದೇ ಇದ್ದಾಗ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಬಾಗಿಲಾಚೆ ಯಾರಿದ್ದಾರೆ ಅತ್ತೆ?"

ಅಕ್ಕ ತಿರುಗಿ ನೋಡಿದಳು. ಚಾಪೆಯ ಮೇಲೆ ತಾನು ಸ್ವಲ್ಪ ಸರಿದಳು.

"ಯಾರೂ ಇಲ್ಲ ಕಣವ್ವ. ಅದ್ಕೇ ಅಷ್ಟೊತ್ತು ನಿಂತವ್ಳೆ. ಬಾ, ಕೂತ್ಕ. ಯೋಳ್ತೀನಿ."